ಮನೆಬಂಡಿಯಲ್ಲಿ ಪರದೇಶಪ್ರವಾಸ

ದೇಶಾಟನದಿಂದ ಜ್ಞಾನವು ಬೆಳೆಯುವದೆಂದು ಹಿರಿಯರು ಹೇಳುತ್ತ ಬಂದಿರುವರು. ಆದರೆ ದೇಶಾಟನಕ್ಕೆ ಹೊರಡುವ ಮುಂಚೆ ಪಡಸಾಲೆಯಲ್ಲಿ ಕುಳಿತು ಮಾಡುವ ಯೋಚನೆಯಿಂದಲೂ ಜ್ಞಾನವು ಬೆಳೆಯಬಹುದೆಂಬದು ಈ ವರ್ಷ ನನ್ನ ಅನುಭವಕ್ಕೆ ಬಂದಿತು. ಮೂವತ್ತು ವರ್ಷಗಳಿಗೂ ಮೀರಿ ಮಕ್ಕಳಿಗೆ ಪಾಠ ಹೇಳಿ, ಈಗ ವಿಜಯಪುರದಲ್ಲಿ ವಿಶ್ರಾಂತಿಯಿಂದಿರುವ ನಾನು, ನಕಾಶೆಯನ್ನು ಓದುವ ಬಗೆಯನ್ನು ಇನ್ನೊಬ್ಬರಿಂದ ಕಲಿಯಬೇಕಾದೀತೆಂದು ಎಣಿಸಿದ್ದಿಲ್ಲ. ಆ ಪಾಠವನ್ನು ಕಲಿಸಿದವಳು ನನ್ನ ಗೃಹಿಣಿ. ಅದು ನಮ್ಮಂಥ ಇತರ ಗೃಹಸ್ಥರಿಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿರುವೆನು.

ಸಂಗತಿ ಹೀಗಿದೆ. ನಮ್ಮ ಮಗನು ಉದ್ಯೋಗನಿಮಿತ್ತ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಸಂಸಾರಸಮೇತನಾಗಿ ಇರುವನು. ಬರುವ ಬೇಸಗೆಯಲ್ಲಿ ನಾವಿಬ್ಬರೂ ಅಲ್ಲಿಗೆ ಬರಬೇಕೆಂದೂ, ಕ್ಯಾಂಪರ್‌ವ್ಯಾನ್ ಒಂದನ್ನು ಬಾಡಿಗೆಗೆ ಹಿಡಿದು ಐವರೂ ಕೂಡಿ ಹನ್ನೆರಡು ದಿವಸ ಸಂಚರಿಸೋಣವೆಂದೂ ಅವನು ತಿಳಿಸಿದನು. ಮೊಮ್ಮಗನ ಶಾಲೆಗೆ ರಜೆ ಇರಬೇಕಷ್ಟೆ! ಬವೇರಿಯಾ ಪ್ರಾಂತದಲ್ಲಿ ಬೇಸಗೆಯ ರಜೆಯು ಆಗಸ್ಟ್ ತಿಂಗಳ ಆರಂಭದ ಸುಮಾರಿಗೆ ತೊಡಗಿ ಸಪ್ಟಂಬರದ ನಡುವಿನವರೆಗೆ ಇರುವದು. ಆದುದರಿಂದ ಹೋಗುವದಾದರೆ ಆಗಸ್ಟ್‌ನಲ್ಲಿಯೇ ಹೋಗತಕ್ಕದ್ದು. ಆಗ ನಮ್ಮಲ್ಲಿ ಶ್ರಾವಣದ ಮೋಡ, ಅಲ್ಲಿ ಸುಡುಬೇಸಗೆ.

ನನ್ನ ಆಶೆಯೆಲ್ಲ ರೋಮಿನ ಮೇಲೆ. 1656ರ ಸುಮಾರಿಗೆ ಮುಗಿದ ನಮ್ಮ ಗೋಳಗುಮ್ಮಟದ ಒಳವ್ಯಾಸವು ಸುಮಾರು 124 ಅಡಿ. ಹತ್ತಿರ ಹತ್ತಿರ 1900 ವರ್ಷಗಳ ಹಿಂದೆ ಕಟ್ಟಿದ ರೋಮಿನ ಪ್ಯಾಂಥಿಯನ್ ಮಂದಿರದ ಗುಮ್ಮಟದ್ದು ಸುಮಾರು 142 ಅಡಿ. ಈ ಎರಡು ಅಂಕಿಗಳನ್ನು ಕರಿಹಲಗೆಯ ಮೇಲೆ ಎಷ್ಟು ಸಲ ಬರೆದೆನೋ ಲೆಕ್ಕವಿಲ್ಲ. ಒಂದರ ಕೆಳಗೆ ಬೆಳೆದವನು ಇನ್ನೊಂದರ ಕೆಳಗೆ ಒಮ್ಮೆ ನಿಲ್ಲಬೇಕೆಂದು ಬಯಸಿದರೆ ತಪ್ಪೇನು? ಆದ್ದರಿಂದ ನಾನೇ ಕುಳಿತು ಪಟ್ಟಿ ತಯಾರಿಸಿದೆನು: ಮ್ಯೂನಿಕ್, ಗಾರ್ಡಾ ಸರೋವರ, ಫ್ಲಾರೆನ್ಸ್, ರೋಮ್, ನೇಪಲ್ಸ್, ಕಡೆಗೆ ಸಿಸಿಲಿ ದ್ವೀಪ. ಹೋಗುವ ದಾರಿಯೊಂದೇ 1500 ಕಿಲೋಮೀಟರಿಗೂ ಹೆಚ್ಚು. ಅದನ್ನು ಗೋಡೆಗೆ ಅಂಟಿಸಿ ಮನೆಯವಳಿಗೆ ಅಭಿಮಾನದಿಂದ ತೋರಿಸಿದೆನು. ಅವಳು ತುಸು ಹೊತ್ತು ನೋಡಿ, “ಅಲ್ರೀ, ನಕಾಶೆದಾಗ ಊರು ಎಷ್ಟ ಅದಾವ ಅಂತ ಎಣಿಸೀರಿ, ಮಧ್ಯಾಹ್ನ ಎಷ್ಟ ಅದಾವ, ಎಣಿಸೀರೇನು?” ಎಂದಳು. ನಾನು ನಕ್ಕು ಸುಮ್ಮನಾದೆನು. ಆದರೆ ಆ ರಾತ್ರಿ ನಿದ್ರೆ ಬರಲಿಲ್ಲ.

ಒಂದು ಹಳೆಯ ತಪ್ಪು

1998ನೆಯ ಇಸವಿಯ ಮೇ ತಿಂಗಳಲ್ಲಿ ನಾನು ನನ್ನ ತಾಯಿಯನ್ನೂ ಮನೆಯವರನ್ನೂ ಬಾಡಿಗೆಯ ಟೆಂಪೊದಲ್ಲಿ ಕರೆದುಕೊಂಡು ಹೊರಟಿದ್ದೆನು. ಬಸವನ ಬಾಗೇವಾಡಿ, ಕೂಡಲಸಂಗಮ, ಐಹೊಳೆ, ಪಟ್ಟದಕಲ್ಲು, ಬಾದಾಮಿ ಇವೈದೂ ಒಂದೇ ದಿವಸದಲ್ಲಿ ಆಗಬೇಕೆಂಬದು ನನ್ನ ಹಟ. ಮನೆ ಬಿಡುವಾಗಲೇ ಎಂಟೂವರೆ ಗಂಟೆ. ಟೆಂಪೊದ ತಗಡಿನ ಮಾಡು ಹತ್ತು ಗಂಟೆಗೇ ಕಾದ ಹಂಚಿನಂತಾಯಿತು. ಐಹೊಳೆಯಲ್ಲಿ ತಾಯಿಯು, “ಸ್ವಲ್ಪ ಕೂಡ್ರೋಣಪಾ” ಎಂದಳು. ಪಟ್ಟದಕಲ್ಲನ್ನು ನೋಡಿಬಿಟ್ಟು ಕೂಡ್ರೋಣವೆಂದು ನಾನು ಹೇಳಿದೆನು. ಪಟ್ಟದಕಲ್ಲಿನಲ್ಲಿ ಎರಡೂವರೆ ಗಂಟೆಗೆ ಕೆಳಗಿಳಿಯುವಾಗ ಅವಳು ನನ್ನನ್ನು ನನ್ನ ಸೋದರಮಾವನ ಹೆಸರಿನಿಂದ ಕರೆದಳು. ಮೈ ಮುಟ್ಟಿದರೆ ಬೆಂಕಿ. ನೋಡುನೋಡುವಷ್ಟರಲ್ಲಿ ಕುಸಿದಳು.

ಆ ಊರಿನ ಹೆಣ್ಣುಮಕ್ಕಳು ಅವಳನ್ನು ಬೇವಿನ ನೆರಳಿಗೆ ಒಯ್ದು, ಸೀರೆಯ ಮೇಲೆಯೇ ಕೊಡಗಟ್ಟಲೆ ನೀರು ಸುರಿದು, ಮೊರದಿಂದ ಬೀಸುತ್ತ ಕುಳಿತರು. ಅನಂತರ ಆಸ್ಪತ್ರೆ. ಮೂರನೆಯ ದಿನಕ್ಕೆ ಗುಣವಾಯಿತು. ಆಮೇಲೆ ಅವಳು ನಾಲ್ಕು ವರ್ಷ ಬದುಕಿದ್ದಳು. ಆದರೆ ಒಮ್ಮೆಯೂ ನನ್ನ ಸಂಗಡ ಪ್ರವಾಸಕ್ಕೆ ಬರಲಿಲ್ಲ. “ನೀವೆಲ್ಲಾ ಹೋಗಿ ಬರ್ರಿ” ಎಂದು ನಗುತ್ತಲೇ ಹೇಳುವಳು. ಬಿಸಿಲಿನ ದೋಷವೆಂದು ನೆರೆಯವರು ಸಮಾಧಾನ ಹೇಳಿದರು. ದೋಷವು ಬಿಸಿಲಿನದಲ್ಲ, ಪಟ್ಟಿಯದು. ಪಟ್ಟಿಯನ್ನು ಬರೆದವನು ನಾನು.

ಈಗ ನನ್ನ ಗೃಹಿಣಿಗೆ ಐವತ್ತೇಳು ವರ್ಷ. ಮಧುಮೇಹಕ್ಕಾಗಿ ಎಂಟು ವರ್ಷಗಳಿಂದ ಇನ್ಸುಲಿನ್ ತೆಗೆದುಕೊಳ್ಳುತ್ತಿರುವಳು. ಗೋಡೆಯ ಮೇಲಿನ ಪಟ್ಟಿಯು ಮತ್ತೊಮ್ಮೆ ನನ್ನ ಕೈಬರಹದಲ್ಲಿಯೇ ಇದ್ದಿತು.

ಅಜ್ಜನ ಬಂಡಿ

ಮನೆಬಂಡಿಯೆಂದು ನಾನು ಕರೆಯುತ್ತಿರುವ ಈ ವಾಹನವು ನಮಗೆ ತೀರ ಹೊಸದೇನೂ ಅಲ್ಲ. ಮಲಗಲಿಕ್ಕೆ ಮಂಚ, ಎರಡು ಮೂರು ಉರಿಗಳ ಒಲೆ, ನೀರಿನ ತೊಟ್ಟಿ, ಸಣ್ಣ ಪಾಯಖಾನೆ, ತಂಪುಪೆಟ್ಟಿಗೆ ಇವೆಲ್ಲ ಮೋಟಾರಿನೊಳಗೇ ಇರುವವು ಎಂಬದಷ್ಟೇ ವಿಶೇಷ. ಟಿಕೋಟೆಯಲ್ಲಿ ನಮ್ಮ ಅಜ್ಜನ ಕಮಾನುಬಂಡಿಯೂ ಮನೆಯೇ ಆಗಿದ್ದಿತು. ವೈಶಾಖದ ಲಗ್ನಗಳಿಗೆ ಬಬಲೇಶ್ವರಕ್ಕೂ, ಅಲ್ಲಿಂದ ಮುಂದೆ ಕೃಷ್ಣಾತೀರದ ಬೀಗರ ಊರುಗಳಿಗೂ ಅಜ್ಜನು ನಮ್ಮನ್ನು ಅದರಲ್ಲಿಯೇ ಕರೆದೊಯ್ಯುವನು. ಬೆಳ್ಳಿಚುಕ್ಕೆ ಮೂಡಿದೊಡನೆ ಎತ್ತು ಹೂಡುವದು. ಸೂರ್ಯನು ನೆತ್ತಿಗೆ ಬರುವ ಮುಂಚೆಯೇ ಬಾವಿಯೂ ಗಿಡದ ನೆರಳೂ ಕೂಡಿದ್ದಲ್ಲಿ ಕೊರಳು ಬಿಚ್ಚುವದು. ನೆರಳು ಉದ್ದವಾಗುವವರೆಗೆ ಯಾರೂ ಹೊರಡಕೂಡದು. ಮುಂದಿನ ಊರು ಎಷ್ಟು ದೂರವೆಂದು ಕೇಳಿದರೆ ಅಜ್ಜನು ಹರದಾರಿಯ ಲೆಕ್ಕ ಹೇಳುತ್ತಿರಲಿಲ್ಲ. “ಎರಡು ಬಾವಿ” ಎನ್ನುತ್ತಿದ್ದನು.

ಇದು ನಮ್ಮ ಅಜ್ಜನೊಬ್ಬನ ಜಾಣತನವಲ್ಲ. ವಿಜಯಪುರದಲ್ಲಿ 1620ರಲ್ಲಿ ಕಟ್ಟಿದ ತಾಜ್ ಬಾವಡಿಯನ್ನು ನೋಡಿದವರಿಗೆ ಅದರ ಎರಡೂ ಪಕ್ಕಗಳಲ್ಲಿ ದಾರಿಕಾರರು ತಂಗುವದಕ್ಕೆ ಕಟ್ಟಿದ ಕೋಣೆಗಳು ಕಂಡಿರಬೇಕು. ನೀರಿದ್ದಲ್ಲಿ ನೆರಳು, ನೆರಳಿದ್ದಲ್ಲಿ ತಂಗುದಾಣ: ಇದೇ ಆ ಕಾಲದ ಪ್ರವಾಸಶಾಸ್ತ್ರ. ಚರಕಸಂಹಿತೆಯ ಋತುಚರ್ಯೆಯಲ್ಲಿಯೂ ಗ್ರೀಷ್ಮದಲ್ಲಿ ವ್ಯಾಯಾಮವನ್ನು ಬಿಡಬೇಕೆಂದೂ ಹಗಲುನಿದ್ರೆ ಆ ಋತುವಿನಲ್ಲಿ ಹಿತವೆಂದೂ ಹೇಳಿದೆ. ಮನೆಬಂಡಿಗೆ ಎತ್ತುಗಳಿಲ್ಲ, ಆದ್ದರಿಂದ ದಣಿವಿಲ್ಲವೆಂದು ನಾವು ಎಣಿಸುವೆವು. ಒಳಗೆ ಕುಳಿತವರ ದಣಿವು ಮಾತ್ರ ಎಂದಿನದೇ.

ಪರದೇಶದ ಬಿಸಿಲು

“ಟಿಕೋಟೆಯ ಬಿಸಿಲು ಉಂಡವರಿಗೆ ಯುರೋಪಿನ ಬಿಸಿಲು ಏನು ಮಾಡೀತು?” ಎಂದು ನಮ್ಮ ಬಂಧುಗಳು ಕೇಳಿದರು. ನಾನೂ ಹಾಗೆಯೇ ತಿಳಿದಿದ್ದೆನು. ಆದರೆ 2003ರ ಬೇಸಗೆಯಲ್ಲಿ ಆ ಖಂಡದಲ್ಲಿ ಸೆಕೆಯ ಮೂಲಕ 70,000ಕ್ಕೂ ಹೆಚ್ಚು ಜನರು ಮೃತಪಟ್ಟರೆಂದು ತಜ್ಞರು ಲೆಕ್ಕ ಹಾಕಿರುವರು. 2019ರ ಜುಲೈ 25ರಂದು ಜರ್ಮನಿಯಲ್ಲಿಯೇ 41.2 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆ ದಾಖಲಾಯಿತು. 2021ರ ಆಗಸ್ಟ್ 11ರಂದು ಸಿಸಿಲಿಯಲ್ಲಿ 48.8 ಡಿಗ್ರಿ. ನಮ್ಮ ಗೋಡೆಯ ಪಟ್ಟಿಯಲ್ಲಿ ಕಡೆಯ ಊರು ಆ ಸಿಸಿಲಿಯೇ, ತಿಂಗಳೂ ಅದೇ ಆಗಸ್ಟ್! ಇದಲ್ಲದೆ, ನಮ್ಮಲ್ಲಿ ಬಿಸಿಲಿಗೆ ದಪ್ಪ ಗೋಡೆಯ ಮನೆಯುಂಟು. ಅಲ್ಲಿ ತೆಳುವಾದ ಗೋಡೆಯ ಗಾಡಿಯೇ ಮನೆ.

ಇನ್ನೊಂದು ಸೂಕ್ಷ್ಮವುಂಟು. ಬೇಸಗೆಯಲ್ಲಿ ಆ ದೇಶಗಳವರು ಗಡಿಯಾರವನ್ನು ಒಂದು ತಾಸು ಮುಂದಿಡುವರು. ಆದುದರಿಂದ ಆಗಸ್ಟ್‌ನಲ್ಲಿ ಮ್ಯೂನಿಕ್ಕಿನ ಸೂರ್ಯನು ನೆತ್ತಿಗೆ ಬರುವದು ಸುಮಾರು 1 ಗಂಟೆ 20 ನಿಮಿಷಕ್ಕೆ. ಸೆಕೆಯು ತುದಿ ಮುಟ್ಟುವದು 4–5 ಗಂಟೆಗೆ. ನಾಲ್ಕು ಹೊಡೆಯಿತು, ಬಿಸಿಲಿಳಿಯಿತೆಂದು ನಮ್ಮ ರೂಢಿಯಂತೆ ಹೊರಟವನು ಕಡುಬಿಸಿಲಿನಲ್ಲಿಯೇ ಹೊರಟಂತಾಗುವದು. ಅಲ್ಲಿ ಬೆಳಕು ಹರಿಯುವ 6 ಗಂಟೆಯ ಸುಮಾರಿಗೆ ಹೊರಟು, 12ರೊಳಗಾಗಿ ತಂಗುದಾಣವನ್ನು ಸೇರತಕ್ಕದ್ದು. ಮಧ್ಯಾಹ್ನ ಒಂದೆರಡು ತಾಸು ನಿಶ್ಶಬ್ದದ ವೇಳೆಯೆಂದು ಗಾಡಿಗಳನ್ನು ಒಳಗೆ ಬಿಡದ ತಂಗುದಾಣಗಳೂ ಅಲ್ಲಿ ಅನೇಕವಿರುವವು. ಅಜ್ಜನು ಕೇಳಿದ್ದರೆ ಮೆಚ್ಚಿ ತಲೆದೂಗುತ್ತಿದ್ದನು.

ಬಂಡಿಯನ್ನು ಆರಿಸುವ ಬಗೆ

ಮಗನೊಡನೆ ದೂರವಾಣಿಯಲ್ಲಿ ವಿಚಾರಿಸಿ ನಾವು ಮನವರಿಕೆ ಮಾಡಿಕೊಂಡ ಸಂಗತಿಗಳನ್ನು ಕ್ರಮವಾಗಿ ಹೇಳುವೆನು.

ಮೊದಲನೆಯದು ಸ್ಥಳ. ಮಲಗುವ ಸ್ಥಾನಗಳು ಎಷ್ಟೆಂಬದನ್ನಷ್ಟೇ ಕೇಳಿದರೆ ಸಾಲದು. ಪಟ್ಟಿ ಬಿಗಿದುಕೊಂಡು ಕುಳಿತುಕೊಳ್ಳುವ ಸ್ಥಾನಗಳು ಎಷ್ಟೆಂಬದನ್ನೂ ಕೇಳಬೇಕು. ಗಾಡಿಯು ಓಡುವಾಗ ಮಂಚದ ಮೇಲೆ ಮಲಗಿಕೊಳ್ಳಕೂಡದು. ನಾವು ಐವರಾದ್ದರಿಂದ ನಾಲ್ವರ ಗಾಡಿಯು ಸರ್ವಥಾ ಆಗದು.

ಎರಡನೆಯದು ತೂಕ. ಬಾಡಿಗೆಗೆ ದೊರೆಯುವ ಹೆಚ್ಚಿನ ಗಾಡಿಗಳು ಒಟ್ಟು 3,500 ಕಿಲೋಗ್ರಾಂ ಮಿತಿಯವು. ಗಾಡಿಯ ಸ್ವಂತ ತೂಕವೇ ಇದರ ಬಹುಭಾಗವನ್ನು ನುಂಗುವದು. 100 ಲೀಟರ ನೀರೆಂದರೆ 100 ಕಿಲೋಗ್ರಾಂ; ಮೇಲೆ ಐದು ಜನರು, ಅವರ ಗಂಟುಮೂಟೆ. ಮಿತಿ ಮೀರಿದರೆ ದಂಡವುಂಟು. ದಂಡಕ್ಕಿಂತ ಮುಖ್ಯವಾಗಿ, ಗುಡ್ಡದ ಇಳಿಜಾರಿನಲ್ಲಿ ಬ್ರೇಕಿಗೆ ಶ್ರಮವುಂಟು.

ಮೂರನೆಯದು ತಂಪು. ಇಲ್ಲಿಯೇ ಜನರು ಹೆಚ್ಚಾಗಿ ಮೋಸಹೋಗುವರು. ಚಾಲಕನ ಮುಂದಿನ ತಂಪುಯಂತ್ರವು ಎಂಜಿನ್ನು ನಡೆಯುತ್ತಿರುವಾಗ ಮಾತ್ರ ಕೆಲಸ ಮಾಡುವದು. ಗಾಡಿ ನಿಂತ ಮೇಲೆ ಒಳಗೆ ತಂಪು ಬೇಕಾದರೆ ಮಾಳಿಗೆಯ ಮೇಲೆ ಬೇರೊಂದು ಯಂತ್ರವಿರಬೇಕು. ಅದಕ್ಕೆ ಸಾಮಾನ್ಯವಾಗಿ ತಂಗುದಾಣದ ವಿದ್ಯುತ್ತನ್ನು ತಂತಿಯಿಂದ ಜೋಡಿಸಬೇಕು. ಆದುದರಿಂದ ಬೇಸಗೆಯಲ್ಲಿ ವಿದ್ಯುತ್ತಿನ ಸೌಕರ್ಯವುಳ್ಳ ತಂಗುದಾಣವನ್ನು ಮೊದಲೇ ಕಾಯ್ದಿರಿಸತಕ್ಕದ್ದು. ತಂಪುಪೆಟ್ಟಿಗೆಯಲ್ಲಿಯೂ ಎರಡು ಜಾತಿ. ಅಡಿಗೆಯ ಅನಿಲದಿಂದಲೂ ನಡೆಯುವ ಜಾತಿಯದು ಸಮನೆಲದಲ್ಲಿ ನಿಲ್ಲಬೇಕು. ಕಡುಸೆಕೆಯಲ್ಲಿ ಅದರ ಬಲ ಕುಂದುವದು. ಅದರ ಗಾಳಿಕಿಂಡಿಗಳಿರುವ ಮಗ್ಗುಲಿಗೆ ಬಿಸಿಲು ಬಿದ್ದರೆ ಇನ್ನಷ್ಟು. ಕಂಪ್ರೆಸರ್ ಉಳ್ಳದ್ದು ಸೆಕೆಯನ್ನು ಹೆಚ್ಚು ತಾಳುವದು. ಇನ್ಸುಲಿನ್ ಒಯ್ಯುವವರು ಇದನ್ನು ಕೇಳದೆ ಇಸಾರ ಕೊಡಕೂಡದು.

ಇನ್ನುಳಿದವನ್ನು ಸಂಕ್ಷೇಪವಾಗಿ ಹೇಳುವೆನು. ಠೇವಣಿ ಎಷ್ಟು, ಅಪಘಾತವಾದರೆ ನಮ್ಮ ಕೈಯಿಂದ ಎಷ್ಟು ಹೋಗುವದು, ದಿನಕ್ಕೆ ಎಷ್ಟು ಕಿಲೋಮೀಟರಿನ ಮಿತಿ, ಬೇರೆ ದೇಶದ ಗಡಿ ದಾಟಲು ಅನುಮತಿಯುಂಟೋ ಇಲ್ಲವೋ ಎಂಬದನ್ನು ಬರಹದಲ್ಲಿ ಪಡೆಯತಕ್ಕದ್ದು. ಗಾಡಿಯ ಎತ್ತರವನ್ನು ಚೀಟಿಯಲ್ಲಿ ಬರೆದು ಚಾಲಕನ ಕಣ್ಣೆದುರಿಗೆ ಅಂಟಿಸಬೇಕು; ತಗ್ಗಾದ ಕಮಾನುಗಳು ಕ್ಷಮಿಸಲಾರವು. ಇಟಲಿಯ ಹಳೆಯ ಪೇಟೆಗಳಲ್ಲಿ ಅನುಮತಿಯಿಲ್ಲದ ಗಾಡಿಗಳಿಗೆ ನಿಷೇಧವಿರುವ ಬೀದಿಗಳುಂಟು. ಕ್ಯಾಮೆರಾ ನೋಡಿಕೊಂಡು ದಂಡದ ಕಾಗದವನ್ನು ಮನೆಗೇ ಕಳಿಸುವದು. ಪಾಯಖಾನೆಯ ಡಬ್ಬಿಯನ್ನು ಗೊತ್ತಾದ ಸ್ಥಳದಲ್ಲಿಯೇ ಬರಿದುಮಾಡಬೇಕು. ಈ ಕೆಲಸದ ಪಾಳಿಯನ್ನು ಹೊರಡುವ ಮುಂಚೆಯೇ ನಿರ್ಣಯಿಸುವದು ಕುಟುಂಬದ ಶಾಂತಿಗೆ ಒಳ್ಳೆಯದು. ನಮ್ಮಲ್ಲಿ ಅದು ನನ್ನ ಪಾಲಿಗೆ ಬಂದಿದೆ.

ದ್ರಾಕ್ಷಿಯ ಶೆಡ್ಡು ಕಲಿಸಿದ ಪಾಠ

ಈ ಯೋಚನೆಯಲ್ಲಿರುವಾಗಲೇ ಮಾರ್ಚ್ ತಿಂಗಳಲ್ಲಿ ಟಿಕೋಟೆಯ ನಮ್ಮ ದಾಯಾದಿಯೊಬ್ಬರ ದ್ರಾಕ್ಷಿಯ ತೋಟಕ್ಕೆ ಹೋಗಿದ್ದೆವು. ಪೊಟ್ಯಾಶಿಯಂ ಕಾರ್ಬೊನೇಟ್ ಮತ್ತು ಎಣ್ಣೆ ಕಲಸಿದ ನೀರಿನಲ್ಲಿ ಅದ್ದಿದ ಗೊಂಚಲುಗಳನ್ನು ಶೆಡ್ಡಿನೊಳಗೆ ಅಂತಸ್ತು ಅಂತಸ್ತಾಗಿ ಬಿಗಿದ ಬಲೆಗಳ ಮೇಲೆ ಹರವಿದ್ದರು. ಎರಡು ವಾರಗಳ ಸುಮಾರಿಗೆ ಅವು ಒಣದ್ರಾಕ್ಷಿಯಾಗುವವು. ಹೊರಗೆ ಬೆಂಕಿಯಂಥ ಬಿಸಿಲು. ಶೆಡ್ಡಿನೊಳಗೆ ಮಾತ್ರ ನೆರಳು ಮತ್ತು ಗಾಳಿ. ಬಿಸಿಲಿಗೇ ಏಕೆ ಹಾಕಬಾರದೆಂದು ಕೇಳಿದ್ದಕ್ಕೆ, ಬಿಸಿಲು ಬಿದ್ದರೆ ಹಣ್ಣು ಕಪ್ಪಾಗುವದೆಂದೂ, ಒಣಗಿಸುವದು ಗಾಳಿಯೆಂದೂ, ಅದಕ್ಕೇ ಮೇಲೆ ಮಾಡು ಹಾಕಿ ಮಗ್ಗುಲು ತೆರೆದಿಟ್ಟಿರುವದೆಂದೂ ಅವರು ಹೇಳಿದರು.

ಮನೆಬಂಡಿಯನ್ನು ನಿಲ್ಲಿಸುವ ಸೂತ್ರವೂ ಇದೇ. ಮಧ್ಯಾಹ್ನದ ಮೇಲೆ ಯಾವ ಗಿಡದ ನೆರಳು ಎತ್ತ ಬೀಳುವದೆಂದು ನೋಡಿ ನಿಲ್ಲಿಸಬೇಕು. ಬೆಳಿಗ್ಗೆಯ ನೆರಳನ್ನು ನಂಬಬಾರದು. ಮುಂಗಾಜಿಗೆ ಹೊಳೆಯುವ ಪರದೆಯನ್ನು ಹೊರಮಗ್ಗುಲಿನಿಂದ ಕಟ್ಟಿದರೆ ಬಿಸಿಲು ಒಳಕ್ಕೆ ಬರುವ ಮುಂಚೆಯೇ ತಡೆಯುವದು. ಎದುರುಬದುರಿನ ಕಿಡಕಿಗಳನ್ನೂ ಮಾಳಿಗೆಯ ಬಾಗಿಲನ್ನೂ ತೆರೆದರೆ ಬಿಸಿಗಾಳಿಯು ಮೇಲಿನಿಂದ ಹೊರಬೀಳುವದು. ಅಡಿಗೆಯನ್ನು ಬೆಳಗಿನಲ್ಲಿಯೇ ಮುಗಿಸಬೇಕು. ಒಲೆ ಉರಿಯುವಾಗ ಕಿಡಕಿ ತೆರೆದೇ ಇರಬೇಕು, ಏಕೆಂದರೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷವಾಯುವಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಗುವನ್ನಾಗಲಿ ವೃದ್ಧರನ್ನಾಗಲಿ ಮುಚ್ಚಿದ ಗಾಡಿಯಲ್ಲಿ ಐದು ನಿಮಿಷಕ್ಕೂ ಬಿಟ್ಟು ಹೋಗಕೂಡದು.

ಯಾರಾದರೂ ಬಿಸಿಲಿಗೆ ಬಿದ್ದು, ಮಾತು ತಪ್ಪಿ, ಮೈ ಸುಡಹತ್ತಿದರೆ ಅದು ಪ್ರಾಣಾಪಾಯದ ಲಕ್ಷಣ. ಕೂಡಲೇ ನೆರಳಿಗೆ ಒಯ್ದು, ಮೈಗೆ ನೀರು ಹಾಕಿ ಗಾಳಿ ಬೀಸುತ್ತ, ವೈದ್ಯರ ಸಹಾಯವನ್ನು ಕರೆಯಬೇಕು. ಯುರೋಪಿನ ಒಕ್ಕೂಟದಲ್ಲೆಲ್ಲ ಇದಕ್ಕೆ 112 ಸಂಖ್ಯೆ. ನಮ್ಮ ದೇಶದಲ್ಲಿಯೂ ಅದೇ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು. ಪಟ್ಟದಕಲ್ಲಿನ ಆ ತಾಯಂದಿರು ಮಾಡಿದ್ದೆಲ್ಲ ಸರಿಯಾಗಿತ್ತೆಂದು ನನಗೆ ಈಗ ತಿಳಿಯಿತು.

ಔಷಧ, ಬುತ್ತಿ, ಕಾಗದಪತ್ರ

ಇನ್ನೂ ತೆರೆಯದ ಇನ್ಸುಲಿನ್ನನ್ನು 2ರಿಂದ 8 ಡಿಗ್ರಿಯ ತಂಪಿನಲ್ಲಿ ಇಡಬೇಕು. ಹೆಪ್ಪುಗಟ್ಟಿದರೆ ಅದು ಕೆಟ್ಟಂತೆಯೇ. ಬಳಸಲು ತೆಗೆದದ್ದನ್ನು ಸಾಮಾನ್ಯವಾಗಿ 30 ಡಿಗ್ರಿ ಮೀರದ ಸ್ಥಳದಲ್ಲಿ ಸುಮಾರು ನಾಲ್ಕು ವಾರ ಇಡಬಹುದು. ಔಷಧ ಔಷಧಗಳಲ್ಲಿ ಭೇದವಿರುವದರಿಂದ ಪೆಟ್ಟಿಗೆಯೊಳಗಿನ ಚೀಟಿಯನ್ನು ಓದಿ ವೈದ್ಯರನ್ನು ಕೇಳತಕ್ಕದ್ದು. ವಿಮಾನದಲ್ಲಿ ಅದನ್ನು ಕೈಚೀಲದಲ್ಲಿಯೇ ಒಯ್ಯಬೇಕು. ಸಂಗಡ ವೈದ್ಯರ ಪತ್ರವಿರಬೇಕು.

ಬುತ್ತಿಯ ವಿಷಯದಲ್ಲಿ ಮನೆಯವಳಿಗೆ ಒಂದು ನಿರಾಶೆಯಾಯಿತು. ಯುರೋಪಿನ ಒಕ್ಕೂಟದೊಳಗೆ ಹೊರಗಿನಿಂದ ಹಾಲಿನ ಪದಾರ್ಥಗಳನ್ನೂ ಮಾಂಸವನ್ನೂ ಪ್ರವಾಸಿಗರು ತರಕೂಡದು. ಆದುದರಿಂದ ಮೊಮ್ಮಗನಿಗೆಂದು ಬಬಲೇಶ್ವರದ ತವರಿನಿಂದ ತರಿಸಬೇಕೆಂದಿದ್ದ ತುಪ್ಪವೂ, ಪೇಢೆಯೂ ಇಲ್ಲಿಯೇ ಉಳಿದವು. ಸಜ್ಜೆಯ ಕಡಕ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳಿನ ಹಿಂಡಿ ಬರುವವು. ಒಲೆ ಹೊತ್ತಿಸದ ಮಧ್ಯಾಹ್ನಕ್ಕೆ ಇವಕ್ಕಿಂತ ಉತ್ತಮವಾದ ಆಹಾರವು ಯಾವದು?

ಕಾಗದಪತ್ರಗಳಲ್ಲಿ ಮುಖ್ಯವಾದದ್ದು ಶೆಂಗೆನ್ ವೀಸಾ. ಅದರ ಮೇಲೆ ಯಾವದೇ 180 ದಿವಸಗಳಲ್ಲಿ 90 ದಿವಸ ಇರಬಹುದು. ಪ್ರವಾಸಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಮಾಡಬಹುದು. ಕಡೆಯ ಪಕ್ಷ 15 ದಿವಸ ಮುಂಚೆ. ಕಡಿಮೆಯೆಂದರೆ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಬೇಕು. ಹಳೆಯ ಬೇನೆಗೆ ಅದು ಅನ್ವಯಿಸುವದೋ ಇಲ್ಲವೋ ಎಂಬದನ್ನು ಮಧುಮೇಹಿಗಳು ಕೇಳಿಯೇ ಹಣ ಕಟ್ಟತಕ್ಕದ್ದು. ಇಲ್ಲಿಂದ ಹೋಗಿ ತಾವೇ ಗಾಡಿ ಓಡಿಸತಕ್ಕವರು ಆರ್.ಟಿ.ಒ. ಕಚೇರಿಯಿಂದ ಅಂತರರಾಷ್ಟ್ರೀಯ ಚಾಲನಪತ್ರವನ್ನು ಪಡೆಯಬೇಕು. ಅದರ ಅವಧಿ ಒಂದು ವರ್ಷ.

ನಮ್ಮ ನಿಶ್ಚಯ

ಇಷ್ಟೆಲ್ಲ ತಿಳಿದ ಮೇಲೆ ಗೋಡೆಯ ಪಟ್ಟಿಯನ್ನು ನಾನೇ ತೆಗೆದೆನು. ಎತ್ತರವು 1000 ಮೀಟರು ಏರಿದರೆ ಉಷ್ಣತೆಯು ಸುಮಾರು ಆರೂವರೆ ಡಿಗ್ರಿ ಇಳಿಯುವದೆಂದು ಮಕ್ಕಳಿಗೆ ಕಲಿಸಿದ ಭೂಗೋಲವು ಆಗ ನೆನಪಾಯಿತು. ದಕ್ಷಿಣಕ್ಕೆ ಇಳಿಯುವ ಬದಲು ಮೇಲಕ್ಕೆ ಏರಬಾರದೇಕೆ? ಹೊಸ ಪಟ್ಟಿಯಲ್ಲಿ ಮೂರೇ ತಂಗುದಾಣಗಳು: ಆಸ್ಟ್ರಿಯಾದ ಟಿರೋಲಿನಲ್ಲಿ ಸುಮಾರು 930 ಮೀಟರು ಎತ್ತರದ ಆಖೆನ್ ಸರೋವರದ ದಡದಲ್ಲಿ ಮೂರು ರಾತ್ರಿ, ಬ್ರೆನ್ನರ್ ಕಣಿವೆ ದಾಟಿ ಇಟಲಿಯ ಬೆಟ್ಟಸೀಮೆಯಲ್ಲಿ ಸುಮಾರು 1200 ಮೀಟರು ಎತ್ತರದ ಟೊಬ್ಲಾಖ್‌ನಲ್ಲಿ ನಾಲ್ಕು ರಾತ್ರಿ, ಮರಳುವಾಗ ಸ್ಟರ್ಟ್ಸಿಂಗ್‌ನಲ್ಲಿ ಎರಡು ರಾತ್ರಿ. ಗಾಡಿ ಓಡುವದು ನಾಲ್ಕೇ ದಿವಸ, ಅದೂ ಬೆಳಗಿನಲ್ಲಿ. ಒಟ್ಟು ದಾರಿಯು ಮೊದಲಿನದರ ಕಾಲುಭಾಗದಷ್ಟೂ ಇಲ್ಲ.

ಇದನ್ನು ಮಗನಿಗೆ ತಿಳಿಸಿದಾಗ ಅವನು ಕ್ಷಣಹೊತ್ತು ಸುಮ್ಮನಿದ್ದನು. ಅನಂತರ, “ಅಪ್ಪಾ, ನಾನೂ ಅದನ್ನ ಹೇಳಬೇಕಂತಿದ್ದೆ. ನೀವು ರೋಮ್ ನೋಡಬೇಕಂದ್ರಿ ಅಂತ ಸುಮ್ಮ ಇದ್ದೆ” ಎಂದನು. ಅಂದು ಐಹೊಳೆಯಲ್ಲಿ ನನ್ನ ತಾಯಿಯೂ ಒಮ್ಮೆ ಹೇಳಿ ಸುಮ್ಮನಾಗಿದ್ದಳಲ್ಲವೆ! ಪಟ್ಟಿಯನ್ನು ಬರೆಯುವವನ ಉತ್ಸಾಹಕ್ಕೆ ಅಡ್ಡಿಯಾಗಬಾರದೆಂದು ಮನೆಯ ಜನರು ತಮ್ಮ ದಣಿವನ್ನು ನುಂಗಿಕೊಳ್ಳುವರು. ಆದುದರಿಂದ ಪಟ್ಟಿ ಬರೆಯುವ ಮುಂಚೆಯೇ ಮನೆಯಲ್ಲಿ ಎಲ್ಲರಿಗಿಂತ ದುರ್ಬಲರಾದವರನ್ನು ಕೂಡ್ರಿಸಿಕೊಂಡು ಕೇಳತಕ್ಕದ್ದು. ಅವರು ತಾಳುವಷ್ಟೇ ಇಡೀ ಕುಟುಂಬದ ವೇಗವಾಗಬೇಕು.

ಪ್ಯಾಂಥಿಯನ್ನಿನ ಆಶೆಯನ್ನು ನಾನು ಬಿಟ್ಟಿಲ್ಲ. ಜುಲೈ ಕಡೆಯ ವಾರದಲ್ಲಿ ಹೋದರೆ 90 ದಿವಸಗಳ ಅವಧಿಯು ಅಕ್ಟೋಬರ್ ನಡುವಿನವರೆಗೂ ಧಾರಾಳವಾಗಿ ಸಾಲುವದು. ಸೆಕೆ ಇಳಿದ ಮೇಲೆ ಅಕ್ಟೋಬರ್ ಆರಂಭದಲ್ಲಿ ನಾವಿಬ್ಬರೇ ರೈಲಿನಿಂದ ರೋಮಿಗೆ ಹೋಗಿಬರುವದೆಂದು ಗೊತ್ತಾಗಿದೆ. 1900 ವರ್ಷ ನಿಂತ ಗುಮ್ಮಟವು ಇನ್ನೆರಡು ತಿಂಗಳು ನಮಗಾಗಿ ನಿಲ್ಲಲಾರದೆ?

ಹೊಸ ಪಟ್ಟಿಯು ಈಗ ಅದೇ ಗೋಡೆಯ ಮೇಲಿದೆ. ಎಡಕ್ಕೆ ಊರಿನ ಹೆಸರನ್ನು ನಾನು ಬರೆದಿರುವೆನು. ಬಲಕ್ಕೆ, ಆಯಾ ದಿವಸದ ಮಧ್ಯಾಹ್ನವನ್ನು ಎಲ್ಲಿ ಕಳೆಯತಕ್ಕದ್ದೆಂಬದನ್ನು ಮನೆಯವಳು ತನ್ನ ಕೈಯಿಂದ ಬರೆದಿರುವಳು. ಎಣಿಸಿ ನೋಡಿದೆನು: ಹತ್ತು ಮಧ್ಯಾಹ್ನಗಳು, ಹತ್ತಕ್ಕೂ ನೆರಳುಂಟು.